ಎಲ್ಲದಕ್ಕೂ ಉಷ್ಣವೇ?

ಶಿರೂರಿನಿಂದ ಬಾರ್ಕೂರಿನವರೆಗೆ, ಘಟ್ಟದ ಬುಡದ ಅಮಾಸೆಬೈಲಿನಿಂದ ಕಡಲಂಚಿನ ಗಂಗೊಳ್ಳಿಯವರೆಗೆ ಯಾವ ಮನೆಯಲ್ಲಾದರೂ ಕೇಳಿ ನೋಡಿ. ಮುಟ್ಟು ಮುಗಿದು ಹತ್ತು ಹದಿನೈದು ದಿನ ಕಳೆದ ಮೇಲೆ ಬಟ್ಟೆಯಲ್ಲಿ ಮತ್ತೆ ಕಲೆ ಕಂಡಿತೆಂದರೆ ಹೆಂಗಸರಿಗೆ ಸಿಗುವ ಉತ್ತರ ಒಂದೇ: "ಎಂತ ಇಲ್ಲೆ ಮಾರಾಯ್ತಿ, ಉಷ್ಣ ಆದ್ದ್. ಎರಡ್ ಬೊಂಡ ಕುಡಿ, ಸಮಾ ಆತ್ತ್." ಹೈಸ್ಕೂಲಿಗೆ ಹೋಗುವ ಹುಡುಗಿಗೂ ಇದೇ ಮಾತು, ಎರಡು ಮಕ್ಕಳ ತಾಯಿಗೂ ಇದೇ, ಮುಟ್ಟು ನಿಂತು ನಾಲ್ಕು ವರ್ಷವಾದ ಅತ್ತೆಗೂ ಇದೇ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಹೆದರಿದವಳಿಗೆ ಧೈರ್ಯ ತುಂಬಬೇಕೆಂದೇ ಹೇಳುತ್ತಾರೆ. ಆದರೂ ಈ ಉತ್ತರ ತಪ್ಪು. ಕೆಲವರ ಪಾಲಿಗೆ ಜೀವ ತೆಗೆಯುವಷ್ಟು ತಪ್ಪು.

ನನ್ನ ತಕರಾರು ಬೊಂಡದ ಮೇಲಲ್ಲ. ಕರಾವಳಿಯ ಸೆಕೆಗೆ ಬೊಂಡ, ಮುರುಗಲ ಶರಬತ್ತು, ಒಂದೆಲಗದ ತಂಬುಳಿ, ಮೆಂತೆ ಗಂಜಿ ಎಲ್ಲವೂ ಒಳ್ಳೆಯವೇ. ರಕ್ತ ಯಾಕೆ ಬಂತು ಎಂದು ಕೇಳುವ ಮೊದಲೇ ಕಾರಣ ಗೊತ್ತಿದೆಯೆಂದು ಮಾತು ಮುಗಿಸುತ್ತೇವಲ್ಲ, ಅದರ ಮೇಲೆ ತಕರಾರು. ಮುಟ್ಟಿನ ಲೆಕ್ಕ ತಪ್ಪಿ ಬರುವ ರಕ್ತಸ್ರಾವವನ್ನು ಸ್ತ್ರೀರೋಗ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟ 2011ರಲ್ಲಿ ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ಗರ್ಭಕೋಶದೊಳಗೆ ಬೆಳೆಯುವ ಪಾಲಿಪ್, ಗಡ್ಡೆ, ಒಳಪದರ ಸ್ನಾಯುವಿನೊಳಗೆ ಸೇರಿಕೊಳ್ಳುವುದು, ಕ್ಯಾನ್ಸರ್ ಅಥವಾ ಅದರ ಮುನ್ನಾ ಹಂತ, ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಅಂಡ ಬಿಡುಗಡೆಯ ಏರುಪೇರು, ಒಳಪದರದ್ದೇ ತೊಂದರೆ, ಮದ್ದಿನಿಂದ ಅಥವಾ ಕಾಪರ್-ಟಿಯಂಥ ವಂಕಿಯಿಂದ ಆಗುವುದು, ಇವು ಯಾವುದಕ್ಕೂ ಸೇರದ್ದು. ಬಸುರಿನಲ್ಲಿ ಕಾಣುವ ರಕ್ತ ಈ ಲೆಕ್ಕದಿಂದ ಹೊರಗೆ, ಅದು ಬೇರೆಯೇ ಅಧ್ಯಾಯ. ಇಷ್ಟು ಬೇರೆ ಬೇರೆ ಸಂಗತಿಗಳಿಗೆ ನಾವು ಕೊಡುತ್ತಿರುವ ಉತ್ತರ ಒಂದೇ.

ಈ ಉತ್ತರ ಇಷ್ಟು ಗಟ್ಟಿಯಾಗಿ ನಿಂತದ್ದಕ್ಕೆ ಅಜ್ಞಾನವೊಂದೇ ಕಾರಣ ಎನ್ನಲಾರೆ. ಉಡುಪಿ ಜಿಲ್ಲೆ ಓದುಬರಹದಲ್ಲಿ ಹಿಂದಿಲ್ಲ, ಆಸ್ಪತ್ರೆಯ ವಿಷಯದಲ್ಲೂ ಹಿಂದಿಲ್ಲ. ಉಡುಪಿಯಲ್ಲಿ ಸ್ವಿಸ್ ಮಿಶನರಿ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲೇ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ತೆರೆದಿದ್ದರು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಿಂದ ಇದೆ. ಘಟ್ಟದ ಮೇಲಿನ ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು' ಪುಸ್ತಕಗಳನ್ನು ಬರೆದು ಕನ್ನಡದ ಹೆಣ್ಣುಮಕ್ಕಳ ಜತೆ ಮೈಯ ವಿಚಾರವನ್ನು ನೇರವಾಗಿ ಮಾತಾಡಿ ದಶಕಗಳೇ ಕಳೆದವು. ಇಷ್ಟಿದ್ದೂ ಉಷ್ಣದ ಮಾತು ಉಳಿದಿದೆ, ಯಾಕೆಂದರೆ ಅದರಿಂದ ಮನೆಗೆ ಅನುಕೂಲವಿದೆ.

ಅನುಕೂಲ ಹೇಗೆಂದು ನೋಡಿ. ಕಲೆ ಕಂಡಾಗ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಕಾಯಿಲೆಯದ್ದಲ್ಲ, ಮೈಲಿಗೆಯದ್ದು. ಇದು ಮುಟ್ಟೋ ಅಲ್ಲವೋ? ದೂರ ಕೂರಬೇಕೋ ಬೇಡವೋ? ಹದಿನೈದು ದಿನದ ಹಿಂದಷ್ಟೇ ಹೊರಗೆ ಕೂತು ಎದ್ದವಳು ಮತ್ತೆ ಮೂರು ದಿನ ಕೂತರೆ ಅಡುಗೆ ಮಾಡುವವರು ಯಾರು, ದೇವರಿಗೆ ದೀಪ ಇಡುವವರು ಯಾರು? ಉಷ್ಣ ಎಂದುಬಿಟ್ಟರೆ ಮುಟ್ಟಲ್ಲ ಎಂದಾಯಿತು, ಅವಳು ಒಲೆಯ ಮುಂದೆ ನಿಲ್ಲಬಹುದು. ಆಸ್ಪತ್ರೆಗೆ ಹೋಗುವ ಬಸ್ಸಿನ ಖರ್ಚು ಉಳಿಯಿತು, ಜತೆಗೆ ಹೋಗಲು ಜನ ಹುಡುಕುವ ತಾಪತ್ರಯ ತಪ್ಪಿತು, ಡಾಕ್ಟರ ಮುಂದೆ ಹೇಳಿಕೊಳ್ಳುವ ನಾಚಿಕೆಯೂ ತಪ್ಪಿತು. ಮನೆಯ ಪ್ರಶ್ನೆ ಮುಗಿದ ಕ್ಷಣಕ್ಕೆ ಅವಳ ದೇಹದ ಪ್ರಶ್ನೆಯೂ ಮುಗಿದುಹೋಗುತ್ತದೆ. ಇನ್ನು ಕೆಲವರು ಕಲೆ ಕಂಡದ್ದನ್ನು ಯಾರಿಗೂ ಹೇಳುವುದೇ ಇಲ್ಲ. ಹೇಳಿದರೆ ಮತ್ತೆ ದೂರ ಕೂರಿಸುತ್ತಾರೆಂಬ ಭಯ. ಹೀಗೆ ಆಚಾರವೊಂದು ರೋಗದ ಚಿಹ್ನೆಯನ್ನು ಮುಚ್ಚಿಹಾಕುತ್ತಿದೆ. ಆಚಾರ ಇಟ್ಟುಕೊಳ್ಳುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು. ಹೆಂಗಸಿನ ಬಾಯಿ ಮುಚ್ಚಿಸುವ ಮಟ್ಟಕ್ಕೆ ಅದು ಬಂದಾಗ ಮಾತ್ರ ನಾನು ಸುಮ್ಮನಿರಲಾರೆ.

ಉಷ್ಣದ ಪರವಾಗಿ ವಾದಿಸುವವರ ಬಳಿ ಒಂದು ಬಲವಾದ ಸಾಕ್ಷಿ ಇದೆ: ಬೊಂಡ ಕುಡಿದ ಹೆಚ್ಚಿನವರಿಗೆ ಗುಣವಾಗಿದೆ. ಇದು ನಿಜ. ಮುಟ್ಟಿನ ನಡುವೆ ಕಾಣುವ ಕಲೆಯಲ್ಲಿ ಬಹುಪಾಲು ತಾನಾಗಿಯೇ ನಿಲ್ಲುವಂಥದ್ದು. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಅಂಡ ಬಿಡುಗಡೆಯ ಕ್ರಮ ಗಟ್ಟಿಯಾಗಿರುವುದಿಲ್ಲ, ಲೆಕ್ಕ ತಪ್ಪುತ್ತದೆ. ಕೆಲವು ಹೆಂಗಸರಿಗೆ ತಿಂಗಳ ನಡುವೆ ಅಂಡ ಹೊರಬರುವ ಹೊತ್ತಿಗೆ ಹಾರ್ಮೋನು ಇಳಿದು ಒಂದೆರಡು ದಿನ ತುಸು ರಕ್ತ ಕಾಣುತ್ತದೆ. ಕಾಪರ್-ಟಿ ಹಾಕಿಸಿಕೊಂಡ ಮೊದಲ ತಿಂಗಳುಗಳಲ್ಲಿ ಕಾಣುವುದುಂಟು. ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ, ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಹೊತ್ತುಗೊತ್ತಿಲ್ಲದ ರಕ್ತಸ್ರಾವ ತೀರಾ ಸಾಮಾನ್ಯ. ಗರ್ಭನಿರೋಧಕ ಮಾತ್ರೆ ಒಂದೆರಡು ದಿನ ಮರೆತರೂ, ತುರ್ತು ಮಾತ್ರೆ ನುಂಗಿದರೂ ಕಲೆ ಕಾಣಬಹುದು. ಇವೆಲ್ಲ ಬೊಂಡ ಕುಡಿದರೂ ನಿಲ್ಲುತ್ತವೆ, ಕುಡಿಯದಿದ್ದರೂ ನಿಲ್ಲುತ್ತವೆ. ಹೆಸರು ಮಾತ್ರ ಬೊಂಡಕ್ಕೆ. ಗುಣವಾದವರ ಕತೆ ಊರಿಡೀ ಹೇಳಿಕೊಂಡು ತಿರುಗುತ್ತದೆ, ಗುಣವಾಗದವಳ ಕತೆ ಆಸ್ಪತ್ರೆಯ ಹಾಸಿಗೆಯಲ್ಲಿ ಮುಗಿಯುತ್ತದೆ. ಹಾಗಾಗಿ ಅಜ್ಜಿಯ ಅನುಭವದಲ್ಲಿ ಬರಿಯ ಗೆಲುವುಗಳೇ ಉಳಿದುಕೊಂಡಿವೆ.

ಉಷ್ಣವೆಂಬ ಮಾತಿಗೆ ಆಯುರ್ವೇದವೇ ಆಧಾರ ಎನ್ನುವವರಿದ್ದಾರೆ. ಅವರು ಸುಶ್ರುತನನ್ನು ನೋಡಬೇಕು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಅತಿಯಾಗಿ ಹೋಗುವ ರಕ್ತವನ್ನೂ ಋತುವಲ್ಲದ ಕಾಲದಲ್ಲಿ ಕಾಣುವ ರಕ್ತವನ್ನೂ 'ಅಸೃಗ್ದರ' ಎಂಬ ಹೆಸರಿಟ್ಟು ರೋಗವೆಂದೇ ಹೇಳಿದೆ. ದೋಷ ಯಾವುದೆಂದು ನೋಡಿ, ಲಕ್ಷಣ ಬೇರ್ಪಡಿಸಿ ಚಿಕಿತ್ಸೆ ಮಾಡಬೇಕೆಂಬುದು ಆ ಶಾಸ್ತ್ರದ ಕ್ರಮ. ಉಡುಪಿಯ ಕುತ್ಪಾಡಿಯಲ್ಲಿ 1958ರಿಂದ ಆಯುರ್ವೇದ ಕಾಲೇಜಿದೆ. ಅಲ್ಲಿ ಓದಿ ಬಂದ ವೈದ್ಯರು ಯಾರೂ ನಾಡಿ ಹಿಡಿಯದೆ, ವಯಸ್ಸು ಕೇಳದೆ, ಎಲ್ಲ ಹೆಂಗಸರಿಗೂ ಒಂದೇ ಕಾರಣ ಹೇಳುವುದಿಲ್ಲ. ಪರೀಕ್ಷೆಯೇ ಇಲ್ಲದ ಮನೆಯ ತೀರ್ಪಿಗೆ ಶಾಸ್ತ್ರದ ಹೆಸರು ಬಳಸುವುದು ಶಾಸ್ತ್ರಕ್ಕೂ ಅನ್ಯಾಯ.

ಉಷ್ಣದ ತಲೆಗೆ ಕಟ್ಟುವ ಇನ್ನೊಂದು ಕಲೆಯಂತೂ ನಾವೇ ಮೈಮೇಲೆ ಎಳೆದುಕೊಂಡದ್ದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ನಮ್ಮ ಮೂರು ತಾಲೂಕುಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಕಾರ್ಯ ಇದ್ದೇ ಇದೆ. ಚೌತಿ, ನವರಾತ್ರಿಗೆ ಕೊಲ್ಲೂರು, ಕೋಟೇಶ್ವರದ ಕೊಡಿಹಬ್ಬ, ಬೇಸಗೆಯ ಮದುವೆಗಳು, ನಾಗಮಂಡಲ, ಕೋಲ, ಗೆಂಡ. ಕಾರ್ಯದ ದಿನಕ್ಕೆ ಮುಟ್ಟು ಅಡ್ಡ ಬರಬಾರದೆಂದು ಹೆಂಗಸರು ಮೆಡಿಕಲ್ ಶಾಪಿನಿಂದ 'ಮುಂದೆ ಹೋಗುವ ಮಾತ್ರೆ' ತರಿಸಿ ನುಂಗುತ್ತಾರೆ. ಅದು ನಾರ್‌ಎಥಿಸ್ಟರೋನ್, ಹಾರ್ಮೋನು. ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಮದ್ದು. ಎಷ್ಟೋ ಸಲ ಗಂಡನೋ ತಮ್ಮನೋ ಹೋಗಿ ಹೆಸರು ಹೇಳಿ ತರುತ್ತಾರೆ. ಮಾತ್ರೆ ಗರ್ಭಕೋಶದ ಒಳಪದರವನ್ನು ಕಳಚದಂತೆ ಹಿಡಿದಿಡುತ್ತದೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಕಾರ್ಯದ ಮನೆಯ ಗಡಿಬಿಡಿಯಲ್ಲಿ ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಹಿಡಿತ ಸಡಿಲಾಗಿ ಕಲೆ ಕಾಣುತ್ತದೆ. ಆಮೇಲೆ ಒಂದೆರಡು ತಿಂಗಳು ಲೆಕ್ಕವೇ ಏರುಪೇರಾಗಬಹುದು. ಆಗ ಮನೆಯಲ್ಲಿ ಕೇಳಿಬರುವ ಮಾತು: ಬಿಸಿಲಲ್ಲಿ ಓಡಾಡಿದ್ದು ಹೆಚ್ಚಾಯಿತು, ಉಷ್ಣ. ನುಂಗಿದ ಮಾತ್ರೆಯ ನೆನಪು ಯಾರಿಗೂ ಬರುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರು, ಲಿವರ್ ತೊಂದರೆ ಇರುವವರು, ಸ್ತನ ಕ್ಯಾನ್ಸರ್ ಆಗಿದ್ದವರು ಈ ಮಾತ್ರೆಯನ್ನು ಮುಟ್ಟಲೇಬಾರದು. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರೂ ಪರೀಕ್ಷೆಯಾಗುವ ತನಕ ತೆಗೆದುಕೊಳ್ಳಬಾರದು. ಇದನ್ನು ಕೇಳದೆ ಕೊಡುವ ಅಂಗಡಿಯವರ ಮೇಲೂ ತಪ್ಪಿದೆ.

ಉಷ್ಣದ ಮಾತಿನ ಜತೆಗೇ ಬರುವ ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯದ್ದು: 'ಸ್ವಲ್ಪವೇ ಅಲ್ಲವಾ'. ಬಟ್ಟೆ ಒದ್ದೆಯಾಗುವಷ್ಟು ಹೋದರೆ ಗಾಬರಿ, ಹನಿ ಕಂಡರೆ ನಿರ್ಲಕ್ಷ್ಯ. ರಕ್ತಹೀನತೆ ಅಳೆಯುವಾಗ ಪ್ರಮಾಣ ಮುಖ್ಯ, ಒಪ್ಪುತ್ತೇನೆ. ಕಾರಣ ಹುಡುಕುವಾಗ ಮಾತ್ರ ಪ್ರಮಾಣಕ್ಕಿಂತ ಸಂದರ್ಭವೇ ದೊಡ್ಡದು: ಯಾವ ವಯಸ್ಸಿನಲ್ಲಿ, ಯಾವ ದಿನದಲ್ಲಿ, ಏನಾದ ಮೇಲೆ ಕಂಡಿತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ನೋವು ಕೊಡುವುದಿಲ್ಲ, ಮೈ ಇಳಿಸುವುದಿಲ್ಲ. ಅದು ಮೊದಲು ತೋರಿಸುವ ಗುರುತು ಎಷ್ಟೋ ಸಲ ಗಂಡನ ಜತೆ ಕೂಡಿದ ಮೇಲೆ ಕಾಣುವ ಒಂದೆರಡು ಹನಿ, ಅಥವಾ ಮುಟ್ಟಿನ ನಡುವೆ ಬರುವ ಕಂದು ಕಲೆ, ವಾಸನೆಯ ಬಿಳಿಸೆರಗು. ಅಲ್ಲಿನ ಅಂಗಾಂಶ ಮೆತ್ತಗಾಗಿ ತಾಗಿದರೆ ರಕ್ತ ಜಿನುಗುತ್ತದೆ, ಅಷ್ಟೇ.

ಇಲ್ಲಿ ನಮ್ಮ ಊರಿನ ಬದುಕಿನ ರೀತಿಯೂ ಸೇರಿಕೊಳ್ಳುತ್ತದೆ. ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಗಂಡಸರು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಾರೆ, ಇನ್ನು ಕೆಲವರು ಗಲ್ಫಿನಲ್ಲಿ. ಊರಿಗೆ ಬರುವುದು ಹಬ್ಬಕ್ಕೋ ರಜೆಗೋ. ಆ ಕೆಲವು ದಿನಗಳಲ್ಲಿ ಕೂಡಿದ ಮೇಲೆ ರಕ್ತ ಕಂಡರೆ, ಬಹಳ ದಿನದ ಅಂತರವಾಯಿತಲ್ಲ ಎಂದು ಹೆಂಡತಿ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಅವನು ರೈಲು ಹತ್ತಿದ ಮೇಲೆ ರಕ್ತವೂ ನಿಲ್ಲುತ್ತದೆ, ಏಕೆಂದರೆ ತಾಗುವುದೇ ನಿಂತಿರುತ್ತದೆ. ಮುಂದಿನ ರಜೆಯವರೆಗೆ ಚಿಹ್ನೆ ಕಾಣುವುದಿಲ್ಲ, ರೋಗ ಇದ್ದರೆ ಅದು ಮಾತ್ರ ರಜೆ ಹಾಕುವುದಿಲ್ಲ. ಅತ್ತೆಗೆ ಹೇಳುವ ಮಾತಲ್ಲ, ಆಶಾ ಕಾರ್ಯಕರ್ತೆಯ ಮುಂದೆಯೂ ಸಂಕೋಚ. ಕೂಡಿದ ಮೇಲೆ ರಕ್ತ ಕಂಡ ಹೆಂಗಸರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಸೋಂಕು, ಪಾಲಿಪ್, ಗರ್ಭಕೋಶದ ಬಾಯಿಯ ಮೃದುವಾದ ಒಳಪದರ ಹೊರಚಾಚಿರುವುದು ಇವೇ ಹೆಚ್ಚು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಭಯವೂ ಜನರನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ. ಆದರೆ ಕ್ಯಾನ್ಸರ್ ಇಲ್ಲವೆಂದು ಹೇಳಬೇಕಾದದ್ದು ಕಣ್ಣಿಂದ ನೋಡಿದ ವೈದ್ಯರು.

ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುತ್ತದೆ, 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ ಎಂಬುದು ಅಂತಾರಾಷ್ಟ್ರೀಯ ಅಂದಾಜು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರಲ್ಲಿ ಇದರ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ, 1.9. ತಪಾಸಣೆ ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಲ್ಲಿರುವ ದ್ರಾವಣ, ಗರ್ಭಕೋಶದ ಬಾಯಿಗೆ ಹಚ್ಚಿ ಒಂದು ನಿಮಿಷ ಬಿಟ್ಟು ನೋಡಿದರೆ ಕೆಟ್ಟಿರುವ ಜಾಗ ಬೆಳ್ಳಗಾಗಿ ಕಾಣುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ವರ್ಷಗಟ್ಟಲೆ ಈ ಪ್ರಯೋಗ ಮಾಡಿದರು. ನೋಡಿದವರು ಡಾಕ್ಟರರಲ್ಲ, ಹತ್ತನೇ ತರಗತಿ ಓದಿ ನಾಲ್ಕು ವಾರ ತರಬೇತಿ ಪಡೆದ ಹೆಣ್ಣುಮಕ್ಕಳು. ಈ ಕ್ಯಾನ್ಸರಿನ ಸಾವು ಶೇಕಡಾ 31 ಇಳಿದದ್ದು 2014ರಲ್ಲಿ ಪ್ರಕಟವಾಯಿತು. 2016ರಲ್ಲಿ ಕೇಂದ್ರ ಸರಕಾರ ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇದೇ ತಪಾಸಣೆ ಮಾಡಬೇಕೆಂದು ಮಾರ್ಗಸೂಚಿ ತಂದಿತು. ಒಂದು ಎಚ್ಚರಿಕೆ: ಇದು ತೊಂದರೆ ಇಲ್ಲದವರಿಗೆ ಮಾಡುವ ತಪಾಸಣೆ. ಕಲೆ ಕಾಣುತ್ತಿರುವವಳು ಹಿಂದಿನ ವರ್ಷದ ವರದಿ ಸರಿ ಇತ್ತೆಂದು ಸುಮ್ಮನಾಗಬಾರದು, ಅವಳನ್ನು ವೈದ್ಯರು ಪೂರ್ತಿ ಪರೀಕ್ಷಿಸಬೇಕು.

ನಲವತ್ತು ದಾಟಿದವರ ಬಾಯಲ್ಲಿ ಉಷ್ಣದ ಜಾಗಕ್ಕೆ ಬೇರೆ ಮಾತು ಬರುತ್ತದೆ: 'ನಿಲ್ಲುವ ಕಾಲಕ್ಕೆ ಹೀಗೆಲ್ಲ ಆಪ್ದೇ.' ನಿಲ್ಲುವ ಮುಂಚೆ ಲೆಕ್ಕ ತಪ್ಪುವುದು ಸಹಜವೇ. ತಿಂಗಳು ತಪ್ಪಿ ಬರುವುದು, ಹರಿವು ಕಡಿಮೆಯಾಗುತ್ತ ಹೋಗುವುದು ಸಹಜ. ಎರಡು ಮುಟ್ಟಿನ ನಡುವೆ ಪದೇ ಪದೇ ಕಲೆ ಕಾಣುವುದನ್ನು ಮಾತ್ರ ಆ ಸಹಜದ ಲೆಕ್ಕಕ್ಕೆ ಸೇರಿಸಬಾರದು. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಒಳಪದರ ದಪ್ಪವಾಗಿ ಕೆಡುವ ಸಾಧ್ಯತೆ ಹೆಚ್ಚು, ಈ ಎರಡೂ ನಮ್ಮ ಕಡೆ ಈಗ ಹೊಸತೇನಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಅದು ಮುಟ್ಟು 'ವಾಪಸು ಬಂದದ್ದು' ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹೀಗೆ ರಕ್ತ ಕಂಡ ನೂರರಲ್ಲಿ ಸುಮಾರು ಒಂಬತ್ತು ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇತ್ತು. ಆ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಈ ರಕ್ತ ಕಂಡಿತ್ತು. ಇಷ್ಟು ಸ್ಪಷ್ಟವಾಗಿ, ಇಷ್ಟು ಬೇಗ ತನ್ನ ಸುಳಿವು ಕೊಡುವ ಕ್ಯಾನ್ಸರ್ ಕಡಿಮೆ. ಬೇಗ ಹಿಡಿದರೆ ಗುಣವಾಗುತ್ತದೆ. ಆ ಸುಳಿವನ್ನು ನಾವು ಉಷ್ಣದ ಖಾತೆಗೆ ಬರೆಯುತ್ತಿದ್ದೇವೆ.

ಓದಿದ ಸೊಸೆಯಂದಿರು ಅತ್ತೆಯ ಉಷ್ಣವನ್ನು ನಂಬುವುದಿಲ್ಲ, ಅವರ ಹತ್ತಿರ ಮೊಬೈಲಿನ ಉತ್ತರವಿದೆ. ಮುಟ್ಟಿನ ದಿನಕ್ಕೆ ನಾಲ್ಕೈದು ದಿನ ಮುಂಚೆ ಕಲೆ ಕಂಡರೆ ಅದು ಗರ್ಭ ಕಚ್ಚಿಕೊಂಡ ಗುರುತು, ಶುಭ ಸೂಚನೆ ಎಂದು. ಇದೂ ಅಷ್ಟೇ ಸಡಿಲ ನಂಬಿಕೆ. ಅಮೆರಿಕದ ಸಂಶೋಧಕರು 151 ಗರ್ಭಗಳನ್ನು ದಿನದಿನದ ಟಿಪ್ಪಣಿಯಿಟ್ಟು ನೋಡಿ 2003ರಲ್ಲಿ ಬರೆದ ಲೇಖನದ ಪ್ರಕಾರ, ಮೊದಲ ಎಂಟು ವಾರದಲ್ಲಿ ರಕ್ತ ಕಂಡವರು 14 ಮಂದಿ. ಕಂಡ ದಿನಕ್ಕೂ ಗರ್ಭ ಕಚ್ಚಿಕೊಂಡ ದಿನಕ್ಕೂ ತಾಳೆಯಾಗಲಿಲ್ಲ. ಆ ಹದಿನಾಲ್ಕರಲ್ಲಿ 12 ಮಂದಿಗೆ ಮಗು ಹುಟ್ಟಿತು ಎನ್ನುವುದು ಸಮಾಧಾನದ ಮಾತು. ಆದರೆ ಮುಟ್ಟು ತಪ್ಪಿ, ಆಮೇಲೆ ಸ್ವಲ್ಪ ಸ್ವಲ್ಪ ಹೋಗುತ್ತ ಕೆಳಹೊಟ್ಟೆಯ ಒಂದು ಬದಿ ನೋಯುತ್ತಿದ್ದರೆ ಗರ್ಭ ನಾಳದಲ್ಲಿ ನಿಂತಿರಬಹುದು. ತಲೆ ತಿರುಗಿದರೆ, ಭುಜ ನೋಯತೊಡಗಿದರೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿರಬಹುದು. ಹೊರಗೆ ಕಾಣುವ ರಕ್ತ ಆಗಲೂ ಸ್ವಲ್ಪವೇ. ಬೈಂದೂರಿನಿಂದ ಮಣಿಪಾಲದ ದಾರಿ ಸಣ್ಣದಲ್ಲ, ಅಂಥ ಹೊತ್ತಲ್ಲಿ ಬೆಳಗಾಗಲಿ ಎಂದು ಕಾಯಬಾರದು.

ಆಸ್ಪತ್ರೆಗೆ ಹೋದರೆ ಗರ್ಭಕೋಶ ತೆಗೆದುಹಾಕುತ್ತಾರೆ ಎಂಬ ಹೆದರಿಕೆ ನಮ್ಮ ಹೆಂಗಸರಲ್ಲಿದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವು, ರಕ್ತಸ್ರಾವ ಎಂದು ಹೋದ ಬಡ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಸಂಗತಿ ಕಳೆದ ದಶಕದಲ್ಲಿ ಹೋರಾಟದಿಂದಲೇ ಹೊರಬಂತು. ಇಂಥ ಶಸ್ತ್ರಚಿಕಿತ್ಸೆಗಳ ವಿರುದ್ಧದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದಿತು. ಹೆದರಿಕೆಗೆ ಕಾರಣವಿದೆ ಎಂದಾಯಿತು. ಆದರೆ ಅದಕ್ಕೆ ಮದ್ದು ಮನೆಯಲ್ಲೇ ಕೂರುವುದಲ್ಲ. ತಡವಾಗಿ ಹೋದಷ್ಟೂ ಗರ್ಭಕೋಶ ಉಳಿಸುವ ದಾರಿಗಳು ಕಡಿಮೆಯಾಗುತ್ತವೆ. ಪಾಲಿಪ್ ಆದರೆ ಅದನ್ನಷ್ಟೇ ತೆಗೆಯಬಹುದು, ಸೋಂಕಿಗೆ ಮಾತ್ರೆ ಸಾಕು, ಥೈರಾಯ್ಡ್ ಸರಿಪಡಿಸಿದರೆ ಲೆಕ್ಕ ಸರಿಹೋಗುವುದುಂಟು. ಕಾರಣ ಏನು, ಸ್ಕ್ಯಾನಿಂಗಿನಲ್ಲಿ ಏನು ಕಂಡಿತು, ಬಯಾಪ್ಸಿ ಬೇಕೇ, ಬೇರೆ ದಾರಿ ಇದೆಯೇ ಎಂದು ಕೇಳುವ ಹಕ್ಕು ಪ್ರತಿ ಹೆಂಗಸಿಗೂ ಇದೆ. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ವೈದ್ಯರ ಹತ್ತಿರ ಹೋಗಬಹುದು. ಪರೀಕ್ಷೆಯೇ ಮಾಡದೆ ಮೊದಲ ದಿನವೇ ತೆಗೆಸಿಬಿಡಿ ಎನ್ನುವ ವೈದ್ಯರೂ ಉಷ್ಣ ಎನ್ನುವ ಅಜ್ಜಿಯೂ ಮಾಡುವ ತಪ್ಪು ಒಂದೇ: ಕಾರಣ ಹುಡುಕದೆ ತೀರ್ಪು ಕೊಡುವುದು.

ಆಸ್ಪತ್ರೆಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ದೊಡ್ಡದಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೊಂದು ಗುರುತು, ಕಲೆ ಕಂಡ ದಿನಕ್ಕೆ ಬೇರೆ ಗುರುತು ಹಾಕಿ. ಕೂಡಿದ ಮೇಲೆ ಕಂಡಿದ್ದರೆ ನಿಮಗೆ ಮಾತ್ರ ಗೊತ್ತಾಗುವ ಇನ್ನೊಂದು ಗುರುತು. ನುಂಗಿದ ಮಾತ್ರೆಗಳ ಪಟ್ಟಿ ಇರಲಿ, ಅದರಲ್ಲಿ ಹಬ್ಬಕ್ಕೆ ನುಂಗಿದ್ದೂ ಸೇರಬೇಕು. ಒಂದು ಸಲ ಕಂಡು ನಿಂತರೆ, ಬಸುರಿನ ಅನುಮಾನ ಇಲ್ಲದಿದ್ದರೆ, ಬೇರೆ ತೊಂದರೆಯೂ ಇಲ್ಲದಿದ್ದರೆ ಒಂದೆರಡು ತಿಂಗಳು ಕಾದು ನೋಡಬಹುದು. ಮರುಕಳಿಸಿದರೆ, ಕೂಡಿದ ಮೇಲೆ ಕಂಡರೆ, ನಲವತ್ತು ದಾಟಿದ್ದರೆ ಕಾಯುವುದು ಬೇಡ. ಕುಂದಾಪುರದಲ್ಲಿ ತಾಲೂಕು ಆಸ್ಪತ್ರೆ, ಬೈಂದೂರು ಮತ್ತು ಬ್ರಹ್ಮಾವರದಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿವೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂದು ಅವರೇ ಹೇಳುತ್ತಾರೆ.

ಆಶಾ ಕಾರ್ಯಕರ್ತೆಯರಲ್ಲಿ ನನ್ನದೊಂದು ಕೋರಿಕೆ. ಮನೆಗೆ ಬಂದಾಗ ಬಸುರಿಯರ, ಮಕ್ಕಳ ಲಸಿಕೆಯ ಲೆಕ್ಕ ಕೇಳುತ್ತೀರಿ. ಮೂವತ್ತು ದಾಟಿದವರನ್ನು ಒಂದು ನಿಮಿಷ ಬೇರೆ ಕರೆದು, ಮುಟ್ಟಲ್ಲದ ದಿನ ಕಲೆ ಕಂಡಿತಾ ಎಂದೂ ಕೇಳಿ. ಅವರಾಗಿಯೇ ಹೇಳುವ ತನಕ ಕಾದರೆ ಅವರು ಹೇಳುವುದಿಲ್ಲ. ಓದುಗರಲ್ಲಿ ಇನ್ನೊಂದು: ಮುಟ್ಟು ನಿಂತ ಮೇಲೆ ಕಲೆ ಕಂಡಿದೆ ಎಂದು ನಿಮ್ಮ ಅಮ್ಮನೋ ಅತ್ತೆಯೋ ದೊಡ್ಡಮ್ಮನೋ ಎಂದಾದರೂ ಬಾಯಿತಪ್ಪಿ ಹೇಳಿದ್ದರೆ, ಅವರನ್ನು ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.